ಬಿಳಿ ಟಾಪಿನ ಮಾಂಟೆ ಕಾರ್ಲೊ

ಕಾರುಗಳ ಕುಶನ್ ಕೆಲಸ ಕಲಿಯಬೇಕೆಂದು ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಯಾವ ಹೊಲಿಗೆ ಮಿಷನ್ ಒಳ್ಳೆಯದು ಎಂದು. ಮಿಷನ್ ಯಾವುದಾದರೂ ಆದೀತು, ಮೊದಲು ಸಿಟ್ಟು ಕಡಿಮೆ ಮಾಡಿಕೊಳ್ಳಿ ಎನ್ನುತ್ತೇನೆ. ಮುದುಕ ಉಪದೇಶಕ್ಕೆ ಇಳಿದ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಾನು ಹೇಳುವುದು ಕೆಲಸದ ಮಾತನ್ನೇ. ಸಿಟ್ಟಿನಲ್ಲಿ ಎಳೆದ ವಿನೈಲ್, ಅಂದರೆ ಚರ್ಮದಂತೆ ಕಾಣುವ ಸೀಟಿನ ಬಟ್ಟೆ, ಒಂದು ಕಡೆ ಹೆಚ್ಚು ಹಿಗ್ಗುತ್ತದೆ. ಒಂದು ಬೇಸಿಗೆ ಕಳೆದ ಮೇಲೆ ಸರಿಯಾಗಿ ಅಲ್ಲಿಯೇ ಬಾಯಿ ಬಿಡುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು, ಈಗಲೂ ಇದೆ. ಹಾಗಾಗಿ ಎಳೆದದ್ದನ್ನು ಬಿಚ್ಚಿ ಮತ್ತೆ ಎಳೆಯುವುದರಲ್ಲೇ ನನ್ನ ವೃತ್ತಿಯ ಒಂದು ದೊಡ್ಡ ಪಾಲು ಕಳೆದುಹೋಗಿದೆ.

ಈಗ ನಾನು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಅಜ್ಜ ಕಾರು ರಿಪೇರಿ ಮಾಡುತ್ತಿದ್ದರು ಎಂದು ಮೊಮ್ಮಗ ತನ್ನ ಗೆಳೆಯರಿಗೆ ಹೇಳಿದ್ದಾನೆ. ಎಂಜಿನ್ ಅಲ್ಲ, ಸೀಟು ಎಂದು ತಿಳಿದ ದಿನ "ಓನ್ಲಿ ಸೀಟ್ಸ್?" ಎಂದು ಕೇಳಿದ. ಓನ್ಲಿ ಸೀಟ್ಸ್ ಅಲ್ಲ. ಸೀಟು, ಬಾಗಿಲಿನ ಒಳಮೈ, ಸೀಲಿಂಗ್ ಬಟ್ಟೆ, ಕೆಲವು ಕಾರುಗಳ ನೆತ್ತಿಯ ಮೇಲಿನ ವಿನೈಲ್ ಹೊದಿಕೆ, ಹೀಗೆ ಕಬ್ಬಿಣವೂ ಗಾಜೂ ಅಲ್ಲದ್ದೆಲ್ಲ ನಮ್ಮ ಪಾಲಿಗೆ ಬರುತ್ತದೆ. ಮನುಷ್ಯನ ಮೈ ಕಾರಿಗೆ ತಾಗುವ ಜಾಗವೆಲ್ಲ ನಮ್ಮದು. ಎಂಜಿನ್ ಕೆಟ್ಟರೆ ಗಿರಾಕಿ ಕಾರಿಗೆ ಬೈಯುತ್ತಾನೆ, ಸೀಟು ಚುಚ್ಚಿದರೆ ನಮಗೆ ಬೈಯುತ್ತಾನೆ.

ನಾನು ಕಾರ್ಕಳದ ಕಡೆಯಿಂದ ಅಬುಧಾಬಿಗೆ ಬಂದಾಗ ಇಪ್ಪತ್ತೆರಡರ ಹುಡುಗ. ಮುಂಬಯಿಯಲ್ಲಿ ಟ್ಯಾಕ್ಸಿಗಳ ಸೀಟು ಹೊಲಿದ ಅನುಭವವಿತ್ತು. ಮುಸಫ್ಫಾದ ಒಂದು ಗ್ಯಾರೇಜಿನಲ್ಲಿ ಮೊದಲ ವಾರವೇ ನನ್ನ ಮುಂದೆ ತಂದು ನಿಲ್ಲಿಸಿದ್ದು ಮಾಂಟೆ ಕಾರ್ಲೊ ಎಂಬ ಅಮೆರಿಕದ ಕಾರು. ಆ ಕಾರನ್ನು ನೋಡಿ ನನಗೆ ಅನಿಸಿದ್ದು ಇಷ್ಟೇ: ಇಷ್ಟು ಕಬ್ಬಿಣ ಸುರಿದು ಇಷ್ಟು ಕಡಿಮೆ ಜನ ಕೂರುವ ಕಾರನ್ನು ಯಾಕೆ ಮಾಡಿದರು? ಮೂತಿಯೇ ಕಾರಿನ ಅರ್ಧ. ಇರುವುದು ಎರಡೇ ಬಾಗಿಲು, ಒಂದೊಂದೂ ನಮ್ಮೂರ ಮನೆಯ ತಲೆಬಾಗಿಲಿನಷ್ಟು ಭಾರ. ಹಿಂದಿನ ಸೀಟಿಗೆ ಹೋಗಬೇಕಾದರೆ ನುಸುಳಬೇಕು.

ಉತ್ತರ ತಿಳಿಯಲು ಕೆಲವು ವರ್ಷ ಬೇಕಾಯಿತು. ಅದು ಸಂಸಾರಸ್ಥನ ಕಾರಲ್ಲ, ದೊಡ್ಡ ಶ್ರೀಮಂತನ ಕಾರೂ ಅಲ್ಲ. ಉದ್ದನೆಯ ಐಷಾರಾಮಿ ಕಾರು ಕೊಳ್ಳುವಷ್ಟು ಇಲ್ಲ, ಹಾಗೆಂದು ಎಲ್ಲರಂತೆ ನಾಲ್ಕು ಬಾಗಿಲಿನ ಡಬ್ಬಿಯಲ್ಲಿ ಓಡಾಡಲು ಮನಸ್ಸೂ ಇಲ್ಲ, ಅಂಥವನಿಗೆಂದು ಅಮೆರಿಕದವರು ಮಾಡಿದ ನಡುಗಾತ್ರದ ಕಾರು. ಕೆಳಗಿನ ಅಸ್ಥಿಪಂಜರ ಸಾಧಾರಣ ಕಾರಿನದೇ. ಮೇಲಿನ ಉಡುಪು ಮಾತ್ರ ಶ್ರೀಮಂತರದು. ಉಡುಪು ಎಂದರೆ ನಮ್ಮ ಕೆಲಸ ತಾನೆ? ಮೆಕ್ಯಾನಿಕ್‌ಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ, ಕುಶನ್‌ನವನಿಗೆ ಎಲ್ಲವೂ ವಿಶೇಷವಾಗಿತ್ತು. ನನಗೆ ಆ ಕಾರಿನ ಮೇಲೆ ಮೋಹ ಹುಟ್ಟಿದ್ದು ಹೀಗೆ.

ಮೊದಲನೆಯದು ಎಪ್ಪತ್ತರ ಮಾಡೆಲ್. ನಾನು ನೋಡಿದ್ದು ಕೆಲವನ್ನು ಮಾತ್ರ. ಎಪ್ಪತ್ತಮೂರರಲ್ಲಿ ಬಂದ ಎರಡನೇ ತಲೆಮಾರು ಇಲ್ಲಿ ಹೆಚ್ಚು ಓಡಾಡಿತು. ಮೈಯೆಲ್ಲ ಬಳುಕು, ಹಿಂಬದಿಯಲ್ಲಿ ಪುಟ್ಟ ಕಿಟಕಿ. ಅದರಲ್ಲಿ ಒಂದು ತಮಾಷೆಯಿತ್ತು. ಮುಂದಿನ ಎರಡು ಸೀಟುಗಳು ಬಾಗಿಲ ಕಡೆಗೆ ತಿರುಗುತ್ತಿದ್ದವು. ಹಿಡಿ ಎಳೆದು ಸೀಟು ಹೊರಕ್ಕೆ ತಿರುಗಿಸಿ, ಕುರ್ಚಿಯಲ್ಲಿ ಕೂತ ಹಾಗೆ ಕೂತು, ಮತ್ತೆ ಒಳಗೆ ತಿರುಗಿದರೆ ಮುಗಿಯಿತು. ಮಂಡಿ ನೋವಿನವರಿಗೂ ಉದ್ದ ಉಡುಪಿನವರಿಗೂ ಇದಕ್ಕಿಂತ ಅನುಕೂಲವಾದದ್ದು ಇನ್ನೊಂದಿಲ್ಲ.

ನನ್ನ ಮೊದಲ ಘನಕಾರ್ಯ ಅದರಲ್ಲೇ ನಡೆಯಿತು. ಎರಡೂ ಸೀಟುಗಳಿಗೆ ಹೊಸ ಬಟ್ಟೆ ಹೊಲಿದೆ, ಹೊಲಿಗೆ ಚೆನ್ನಾಗಿಯೇ ಬಂತು. ಬಿಚ್ಚಿದ ಸೀಟುಗಳನ್ನು ಮತ್ತೆ ಕೂರಿಸುವಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದೆ. ಗಿರಾಕಿ ದೊಡ್ಡ ಮನುಷ್ಯ. ಠೀವಿಯಿಂದ ಕೂತು ಹಿಡಿ ಎಳೆದರೆ ಸೀಟು ಹೊರಗೆ ತಿರುಗುವ ಬದಲು ಒಳಗೆ ತಿರುಗಿತು. ಪಕ್ಕದಲ್ಲಿ ಕೂತಿದ್ದ ಅವರ ತಮ್ಮನೂ ಹಿಡಿ ಎಳೆದಿದ್ದ. ಇಬ್ಬರೂ ಒಬ್ಬರಿಗೊಬ್ಬರು ಮುಖ ಮಾಡಿ, ಮಂಡಿಗೆ ಮಂಡಿ ತಾಗಿಸಿ, ಜಗಳಕ್ಕೆ ಕೂತವರಂತೆ ಕೂತರು. ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ನಾನೊಬ್ಬ ನಗಲಿಲ್ಲ. ಸುಮಾರು ದಿನ ನನ್ನನ್ನು ಕಂಡವರೆಲ್ಲ ಕುರ್ಚಿ ತಿರುಗಿಸಿ ಕೂತು ಸಲಾಂ ಹೇಳುತ್ತಿದ್ದರು.

ಎಪ್ಪತ್ತೆಂಟರಲ್ಲಿ ಆ ಕಾರನ್ನು ಚಿಕ್ಕದು ಮಾಡಿದರು. ಎಂಬತ್ತರ ದಶಕದಲ್ಲಿ ಅದು ಚೌಕ ಚೌಕವಾಯಿತು, ವೇಗದ ಮಾಡೆಲ್ಲೂ ಬಂತು. ಎಂಬತ್ತೆಂಟಕ್ಕೆ ನಿಂತೇಹೋಯಿತು. ತೊಂಬತ್ತೈದರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬಂದಾಗ ನಾನು ದುಬೈಯ ಅಲ್ ಕೋಜ್‌ಗೆ ಕೆಲಸ ಬದಲಿಸಿದ್ದೆ. ಹೊಸದನ್ನು ನೋಡಲು ಓಡಿಹೋದೆ. ಹಿಂದಿನ ಚಕ್ರ ತಳ್ಳುವ ಕಾರು ಹೋಗಿ ಮುಂದಿನ ಚಕ್ರ ಎಳೆಯುವ ಕಾರು ಆಗಿತ್ತು. ಒಳಗೆ ಹೊಲಿಗೆಗಿಂತ ಅಚ್ಚು ಹೊಡೆದ ಪ್ಲಾಸ್ಟಿಕ್ ಜಾಸ್ತಿ. ಹಳೆಯ ಗೆಳೆಯ ಪೊಲೀಸು ಸೇರಿ ಕ್ರಾಪು ಹೊಡೆಸಿಕೊಂಡು ಬಂದ ಹಾಗಿತ್ತು. ಎರಡು ಸಾವಿರದ ಏಳರಲ್ಲಿ ಅದನ್ನೂ ನಿಲ್ಲಿಸಿದರು. ಸುದ್ದಿ ತಿಳಿದ ದಿನ ನನಗೆ ಬೇಜಾರಾಗಲಿಲ್ಲ. ನನ್ನ ಮಟ್ಟಿಗೆ ಅದು ಮೊದಲೇ ಹೋಗಿತ್ತು.

ಆಮೇಲೆ ನಡೆದದ್ದನ್ನು ನಾವ್ಯಾರೂ ಎಣಿಸಿರಲಿಲ್ಲ. ಹೊಸ ಕಾರುಗಳಲ್ಲಿ ನಮ್ಮ ಕೆಲಸ ಕಡಿಮೆಯಾಗುತ್ತಾ ಬಂದ ಹಾಗೆ, ಹಳೆಯವು ತೋಟಗಳ ಶೆಡ್ಡುಗಳಿಂದ, ಮರಳು ತುಂಬಿದ ಅಂಗಳಗಳಿಂದ ಹೊರಬಂದವು. ಅಪ್ಪಂದಿರು ಬಿಟ್ಟದ್ದನ್ನು ಮಕ್ಕಳು ಎತ್ತಿಕೊಂಡು ಬಂದು, ಹುಟ್ಟಿದ ದಿನ ಹೇಗಿತ್ತೋ ಹಾಗೆ ಮಾಡಿಕೊಡಿ ಎನ್ನತೊಡಗಿದರು. ನಮ್ಮ ಗ್ಯಾರೇಜು ಪೂರ್ತಿ ಆ ಕೆಲಸಕ್ಕೇ ತಿರುಗಿಕೊಂಡಿತು. ಕೆಲಸದ ರೀತಿಯೂ ಬದಲಾಯಿತು. ಮೊದಲು ಬೇಗ ಮುಗಿಸಿದವನು ಜಾಣ, ಈಗ ನಿಧಾನ ಮಾಡಿದವನು ಜಾಣ. ಮೊದಲು ಹಳೆಯ ಬಟ್ಟೆ ಕಿತ್ತೆಸೆಯುತ್ತಿದ್ದೆವು, ಈಗ ಅದರ ಹೊಲಿಗೆಯ ಅಂತರಕ್ಕೆ ಸರಿಯಾಗಿ ಹೊಸದನ್ನು ಹೊಲಿಯಬೇಕು. ಒಂದು ಮಾತ್ರ ಬದಲಾಗಲಿಲ್ಲ. ಬೇರೆ ದೇಶದವರು ಬಿಸಿಗಾಳಿಯ ಗನ್ನು ಹಿಡಿದು ವಿನೈಲ್ ಮೆತ್ತಗೆ ಮಾಡುತ್ತಾರೆ, ನಾವು ಅಂಗಳದಲ್ಲಿ ಹರಡಿ ಒಂದು ಚಹಾ ಕುಡಿದು ಬರುತ್ತೇವೆ. ಅಂಟು ಹಚ್ಚುವುದನ್ನು ಮಾತ್ರ ಬೆಳಗ್ಗೆಯೇ ಮುಗಿಸಬೇಕು. ಬಿಸಿಲೇರಿದರೆ ಅಂಟು ಹಚ್ಚುವ ಬ್ರಷ್ಷಿನಲ್ಲೇ ಒಣಗುತ್ತದೆ.

ಸಂಗಪ್ಪನ ಪ್ರಕರಣ ಈ ಕಾಲದ್ದು. ಹುಡುಗರಿಗೆ ನಾನು ಹೇಳಲೇಬೇಕೆಂದಿರುವುದೂ ಅದನ್ನೇ.

ಸಂಗಪ್ಪ ಬಾಗಲಕೋಟೆ ಕಡೆಯವನು, ನಮ್ಮ ಗ್ಯಾರೇಜಿನ ಪೇಂಟರ್. ತಗಡಿನ ಕೆಲಸವೂ ಬರುತ್ತಿತ್ತು. ಈಗ ಊರಲ್ಲಿ ಸ್ವಂತ ಪೇಂಟ್ ಶೆಡ್ ಹಾಕಿಕೊಂಡಿದ್ದಾನೆ. ನನಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಕಡಿಮೆ. ಪೇಂಟ್ ವಿಷಯಕ್ಕೆ ಬಂದರೆ ಮಾತ್ರ ಯಾರ ಮುಖಕ್ಕೂ ಹೇಳಿಬಿಡುವವನು. ತಾನು ಬಣ್ಣ ಹೊಡೆದ ಕಾರಿನ ಹತ್ತಿರ ಯಾರಾದರೂ ಜೇಬಿನಲ್ಲಿ ಕೀಲಿ ಇಟ್ಟುಕೊಂಡು ನಿಂತರೂ ಅವನಿಗೆ ತಲೆಬಿಸಿ. ಹೆಂಡತಿ ಮತ್ತು ಮಗಳೊಂದಿಗೆ ಅಲ್ ನಹ್ದಾದಲ್ಲಿ, ಆಗ ನಾವಿದ್ದ ಕಟ್ಟಡದಲ್ಲೇ ಇದ್ದ. ಮಗಳು ಸಹನಾ ಆ ವರ್ಷ ಹತ್ತನೇ ತರಗತಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ.

ಅದೇ ವರ್ಷ ಅಬುಧಾಬಿಯಿಂದ ಅಬು ಸಾಲಿಂ ಎಂಬ ಹಿರಿಯರು ತಮ್ಮ ಎಪ್ಪತ್ತಾರರ ಮಾಂಟೆ ಕಾರ್ಲೊ ತಂದರು. ಹೊಸತರಲ್ಲಿ ತಾವೇ ಕೊಂಡದ್ದಂತೆ. ಸರಕಾರಿ ಕೆಲಸದಿಂದ ನಿವೃತ್ತರು, ತೆಳ್ಳಗಿನ ಆಳು. ಹಳೆಯ ಕಾಲದ ಎಮಿರಾತಿಗಳಂತೆ ಹಿಂದಿ ಸರಾಗವಾಗಿ ಆಡುತ್ತಿದ್ದರು. ನಗು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕಾರಿನ ಮೈ ಗಾಢ ಕೆಂಪು, ನೆತ್ತಿಯ ಮೇಲೆ ಬಿಳಿಯ ವಿನೈಲ್ ಟಾಪು. ಅವರ ಷರತ್ತು ಒಂದೇ.

"ಬೇಕಾದ್ದನ್ನು ಬದಲಿಸಿ. ಈ ಬಿಳಿ ಟಾಪನ್ನು ಮುಟ್ಟಬೇಡಿ. ಹಡಗಿನಿಂದ ಇಳಿದಾಗ ಇದ್ದದ್ದು ಇದೇ. ತೊಳೆಯಿರಿ, ಅಷ್ಟೇ."

ನಾನು ಪರೀಕ್ಷಿಸಿದೆ. ವಯಸ್ಸಿಗೆ ಹೋಲಿಸಿದರೆ ಅದ್ಭುತವಾಗಿತ್ತು, ಒಂದು ಬಿರುಕೂ ಇರಲಿಲ್ಲ. ಮೆತ್ತನೆಯ ಬ್ರಷ್ಷು, ಸಾಬೂನು ನೀರು ಹಿಡಿದು ನಾನೇ ಬೆಳ್ಳಗೆ ಮಾಡಿದೆ. ಸಂಗಪ್ಪ ಮೈಗೆ ಬಣ್ಣ ಹೊಡೆದು, ಬಾನೆಟ್ಟಿನ ಮೇಲೆ ಬಟ್ಟೆ ಹೊದಿಸಿ, ಯಾರೂ ಹತ್ತಿರ ಬರಬಾರದೆಂದು ಹಗ್ಗ ಕಟ್ಟಿದ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಗ್ಯಾರೇಜಿನಲ್ಲಿ ನಮ್ಮವರು ನಾಲ್ಕಾರು ಮಂದಿ ಪ್ರತಿ ವರ್ಷ ಬೆಳಗ್ಗೆ ಬೇಗ ಬಂದು ಸ್ಪಾನರು, ಡ್ರಿಲ್ಲು, ನನ್ನ ಹೊಲಿಗೆ ಮಿಷನ್ ಎಲ್ಲಕ್ಕೂ ಕುಂಕುಮ ಹಚ್ಚಿ, ಕಾಯಿ ಒಡೆದು, ಮುದೀರ್ ಬರುವ ಮೊದಲು ಗುಡಿಸಿ ಮುಗಿಸುತ್ತಿದ್ದೆವು. ಮುದೀರ್ ಎಂದರೆ ಮ್ಯಾನೇಜರ್, ನಾವೆಲ್ಲ ಕರೆಯುತ್ತಿದ್ದದ್ದು ಹಾಗೆಯೇ. ಅವರು ಇದನ್ನು ಕಂಡೂ ಕಾಣದಂತಿದ್ದರು. ಗಿರಾಕಿಗಳ ಕಾರಿಗೆ ಮಾತ್ರ ಏನೂ ಹಚ್ಚಬಾರದೆಂದು ನಮ್ಮಲ್ಲೇ ಒಪ್ಪಂದವಿತ್ತು. ಆ ವರ್ಷ ಪೂಜೆಯ ಮರುದಿನ ರಜೆ. ಅದರ ಮರುದಿನ ಬಂದು ನೋಡುತ್ತೇನೆ, ಬಿಳಿ ಟಾಪಿನ ನಟ್ಟನಡುವೆ ಅಂಗೈಯಗಲದ ಕೆಂಪು ಬೊಟ್ಟು.

ಯಾರದೆಂದು ಕೇಳಬೇಕಾಗಿರಲಿಲ್ಲ. ಸಂಗಪ್ಪ ಪಕ್ಕದಲ್ಲೇ ಬಂದು ನಿಂತಿದ್ದ.

"ಎಂತ ಮಾಡಿದ್ದಿ ಮಾರಾಯ ನೀನು?" ಎಂದೆ.

"ಇಷ್ಟ್ ಚಂದ ಆಗೇತಿ ಗಾಡಿ, ಹಂಗ ಬಿಡಾಕ ಮನಸಾಗಲಿಲ್ರಿ ಅಣ್ಣಾರ. ಬಾನೆಟ್ಟಿಗೆ ಹಚ್ಚಿದ್ರ ಹೊಸಾ ಪೇಂಟ್ ಕೆಡ್ತೈತಿ ಅಂತ ಮೊನ್ನೆ ಸಂಜೀಕ ಎಲ್ಲಾರೂ ಹೋದಿಂದ ಟಾಪಿನ ಮ್ಯಾಲ ಹಚ್ಚೀನ್ರಿ. ಅದು ಪ್ಲಾಸ್ಟಿಕ್ ಐತಲ್ರಿ, ಒರಸಿದ್ರ ಹೊಕ್ಕೈತಿ ಅಂದ್ಕೊಂಡೆ."

"ಪ್ಲಾಸ್ಟಿಕ್ಕಾ? ನಿನ್ನ ಪೇಂಟಿಗೆ ಮಾತ್ರ ಜೀವ ಉಂಟು, ನನ್ನ ವಿನೈಲಿಗೆ ಇಲ್ಲವಾ?"

ಕುಂಕುಮ ಉದುರಬಾರದೆಂದು ಎಣ್ಣೆಯಲ್ಲಿ ಬೇರೆ ಕಲಸಿದ್ದ. ಎರಡು ದಿನದ ಸೆಕೆಗೆ ಎಣ್ಣೆ ಬಣ್ಣವನ್ನು ಎಳೆದುಕೊಂಡು ಒಳಗೆ ಇಳಿದುಬಿಟ್ಟಿತ್ತು. ಸಾಬೂನು ಹಾಕಿದೆ, ಬೊಟ್ಟು ನಕ್ಕಿತು. ಕಲೆ ತೆಗೆಯುವ ಬಿಳಿ ಪೆಟ್ರೋಲು ಹಾಕಿದೆ, ಕೆಂಪು ಹೋಗಿ ಗುಲಾಬಿಯಾಗಿ ಎರಡರಷ್ಟು ಅಗಲವಾಯಿತು. ಥಿನ್ನರ್ ಎಂದ ಸಂಗಪ್ಪನ ಕೈಯಿಂದ ಡಬ್ಬ ಕಿತ್ತುಕೊಂಡೆ. ಥಿನ್ನರ್ ತಾಗಿದರೆ ವಿನೈಲಿನ ಗೆರೆಗಳೇ ಕರಗಿಹೋಗುತ್ತವೆ. ಪೇಂಟರನಿಗೆ ಪೇಂಟ್ ಬಿಟ್ಟು ಮಿಕ್ಕಿದ್ದೆಲ್ಲ ಒರೆಸುವ ವಸ್ತುವಾಗಿ ಕಾಣುತ್ತದೆ. ಕುಶನ್‌ನವರಾದ ನಾವೂ ಅಷ್ಟೇ, ಹೊಸ ಪೇಂಟಿನ ಮೇಲೆ ಕತ್ತರಿ ಇಡುತ್ತೇವೆ. ನೀವು ಯಾವ ಕೆಲಸಕ್ಕೆ ಸೇರಿದರೂ ಪಕ್ಕದವನ ಕೆಲಸ ಏನೆಂದು ಸ್ವಲ್ಪ ತಿಳಿದುಕೊಳ್ಳಿ.

ಮುದೀರ್ ಅಬು ಸಾಲಿಂ ಅವರಿಗೆ ತಾವೇ ಫೋನು ಮಾಡಿದರು. ಮುಚ್ಚಿಡುವ ಮನುಷ್ಯ ಅವರಲ್ಲ, ಅದೊಂದು ಗುಣ ಅವರಲ್ಲಿತ್ತು. ಅಬು ಸಾಲಿಂ ಅಂದೇ ಬಂದರು. ಟಾಪಿನ ಮೇಲೆ ಬಗ್ಗಿ ಬೊಟ್ಟನ್ನು ನೋಡಿದರು. ಯಾರು, ಯಾಕೆ ಎಂದು ಕೇಳಿದರು. ಸಂಗಪ್ಪ ಮುಂದೆ ಬಂದು, ನಮ್ಮಲ್ಲಿ ಅನ್ನ ಕೊಡುವ ಸಾಮಾನಿಗೆ ವರ್ಷಕ್ಕೊಮ್ಮೆ ಹೀಗೆ ಮಾಡುತ್ತೇವೆ ಎಂದು ತನ್ನ ಮುರುಕು ಹಿಂದಿಯಲ್ಲಿ ಹೇಳಿದ.

"ಇವನ ವೀಸಾ ಈ ತಿಂಗಳೇ ಕ್ಯಾನ್ಸಲ್ ಮಾಡಿಸುತ್ತೇನೆ," ಎಂದರು ಮುದೀರ್.

ಸಂಗಪ್ಪ ಯಾರ ಹತ್ತಿರವೂ ಏನನ್ನೂ ಬೇಡಿದವನಲ್ಲ. ಆ ದಿನ ಬೇಡಿದ. "ಸಾಬ್, ಮಾರ್ಚ್ ತನಕ ಬಿಡ್ರಿ. ಮಗಳದು ಹತ್ತನೇದು, ಬೋರ್ಡ್ ಪರೀಕ್ಷೆ ಐತಿ," ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಕೈ ಜೋಡಿಸಿದ. ಅವನ ವೀಸಾ ಹೋದರೆ ಹೆಂಡತಿ ಮಗಳದೂ ಹೋಗುತ್ತದೆ. ವರ್ಷದ ನಡುವೆ ಹತ್ತನೇ ತರಗತಿಗೆ ಊರಿನ ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಹುಡುಗಿಯ ಒಂದು ವರ್ಷ ಮಣ್ಣುಪಾಲು. ಇದನ್ನು ನಾನು ಮುದೀರ್‌ಗೆ ಬಿಡಿಸಿ ಹೇಳಿದೆ. ಅವರು ಅಬು ಸಾಲಿಂ ಕಡೆ ನೋಡಿದರು. ಗಿರಾಕಿ ಕ್ಷಮಿಸಿದರೆ ತಾವೂ ಕ್ಷಮಿಸಬಹುದು ಎಂಬ ಆಸೆ ಅವರ ಮುಖದಲ್ಲೂ ಇತ್ತೆಂದು ನನ್ನ ನಂಬಿಕೆ.

ಅಬು ಸಾಲಿಂ ಕ್ಷಮಿಸಲಿಲ್ಲ. "ಪರೀಕ್ಷೆ ನನ್ನ ವಿಷಯವಲ್ಲ," ಎಂದರು. "ಕೆಡಿಸಿದವನೇ ಸರಿ ಮಾಡಬೇಕು. ನಾನು ತಮಾಮ್ ಎನ್ನುವವರೆಗೆ ಈ ಮನುಷ್ಯ ಇಲ್ಲೇ ಇರಬೇಕು. ಆಮೇಲೆ ನಿಮ್ಮ ಇಷ್ಟ."

ತಮಾಮ್ ಎಂದರೆ ಎಲ್ಲ ಸರಿಯಾಯಿತು ಎಂದು. ಅವರು ಆ ಮಾತು ಹೇಳಿದ ದಿನ ಸಂಗಪ್ಪನ ಕಾಗದ ಕ್ಯಾನ್ಸಲ್ಲಿಗೆ ಹೋಗುತ್ತದೆ ಎಂದು ಮುದೀರ್ ತೀರ್ಮಾನಿಸಿದರು. ಆಗ ಅಕ್ಟೋಬರ್. ಕಲೆ ಹೋಗುವಂಥದ್ದಲ್ಲ, ಹೊಸ ಟಾಪೇ ಹಾಕಬೇಕಿತ್ತು. ಒಂದು ಟಾಪು ಹಾಕಲು ವಾರ ಸಾಕು, ಬಟ್ಟೆ ಅಮೆರಿಕದಿಂದ ಬರಲು ಒಂದು ತಿಂಗಳು. ನವೆಂಬರ್ ಕೊನೆಗೆ ಸಂಗಪ್ಪನ ಸಂಸಾರ ವಿಮಾನ ಹತ್ತಬೇಕು. ಅಬು ಸಾಲಿಂ ಕಲ್ಲುಮನಸ್ಸಿನವರೆಂದು ನಾನು ಅಂದು ಮನೆಯಲ್ಲಿ ಸಾಕಷ್ಟು ಶಪಿಸಿದೆ.

ಹಳೆಯ ಟಾಪನ್ನು ನಾನೇ ಕಿತ್ತೆ. ಕೆಳಗೆ ಕಂಡದ್ದು ನೋಡಿ ಇಬ್ಬರೂ ಕೂತುಬಿಟ್ಟೆವು. ವಿನೈಲ್ ಟಾಪು ನೋಡಲು ಚಂದ, ಆದರೆ ಕಡಲ ಹತ್ತಿರದ ತೇವ ಒಮ್ಮೆ ಒಳಹೊಕ್ಕರೆ ಹೊರಗೆ ಬರಲು ದಾರಿಯಿಲ್ಲ. ಹಿಂದಿನ ಗಾಜಿನ ಸುತ್ತ ತಗಡು ಜರಡಿಯಾಗಿತ್ತು. ಸಂಗಪ್ಪ ತುಕ್ಕು ತೆಗೆದು, ಹೊಸ ತಗಡು ಬೆಸೆದು, ಸಂದುಗಳಿಗೆ ಹಳೆಯ ರೀತಿಯಲ್ಲಿ ಸೀಸ ಕಾಯಿಸಿ ತುಂಬಿ ಉಜ್ಜಿದ. ಟಾಪು ಹಾಕುವ ಕಾರುಗಳಲ್ಲಿ ಆ ಸಂದುಗಳನ್ನು ಅಷ್ಟೊಂದು ನಯ ಮಾಡಬೇಕಿಲ್ಲ, ಬಟ್ಟೆ ಮುಚ್ಚುತ್ತದೆ. ಅವನು ಕನ್ನಡಿಯಂತೆ ಮಾಡಿದ.

"ಯಾರು ನೋಡ್ತಾರೆ ಅದನ್ನ?" ಎಂದೆ.

"ನೀವು ನೋಡಾಕತ್ತೀರಲ್ರಿ," ಎಂದ.

ಕೆಲಸ ಕಳೆದುಕೊಳ್ಳಲಿರುವವನು ಇಷ್ಟು ಜೀವ ತೇಯುವುದು ನೋಡಿ, ನಿಧಾನ ಮಾಡು, ಮಾರ್ಚ್ ತನಕ ಎಳೆ ಎಂದು ಹೇಳಲು ಬಾಯಿಗೆ ಬಂತು. ಹೇಳಿಯೂ ಹೇಳಿದೆ. ಅವನಿಗೆ ಅದು ಬರುವಂತಿರಲಿಲ್ಲ. ತುಕ್ಕಿನ ಕೆಲಸದಿಂದ ಸಿಕ್ಕಿದ್ದು ಕೆಲವು ವಾರ ಮಾತ್ರ.

ಬಂದ ಮೊದಲ ಬಟ್ಟೆಯ ಮೇಲ್ಮೈ ಗೆರೆಗಳು ಹಳೆಯದಕ್ಕಿಂತ ದಪ್ಪವಿದ್ದವು. ಗುರುವಾರ ಗುರುವಾರ ಬಂದು ನೋಡುತ್ತಿದ್ದ ಅಬು ಸಾಲಿಂ ಅದನ್ನು ಬೆರಳಲ್ಲಿ ಸವರಿ "ಇದಲ್ಲ" ಎಂದರು. ಅದು ನ್ಯಾಯವೇ. ವಾಪಸು ಕಳಿಸಿ ಬೇರೆ ತರಿಸಿದೆವು. ಜನವರಿಯಲ್ಲಿ ಬಂದ ಬಟ್ಟೆ ಹಳೆಯದರ ಅವಳಿಯಂತಿತ್ತು. ಒಂದು ಬೆಳಗ್ಗೆ ಚಳಿಯಲ್ಲೇ ಕೂರಿಸಿದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಟಾಪು ನಾನು ಹಾಕಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಗುರುವಾರ ಬಂದ ಅಬು ಸಾಲಿಂ ಸುತ್ತು ಹಾಕಿ, ಎಡಗಡೆಯ ಉದ್ದ ಹೊಲಿಗೆಯ ಮೇಲೆ ಬೆರಳಿಟ್ಟರು. "ಸೊಟ್ಟ."

"ಸೊಟ್ಟ ಅಲ್ಲ, ದಾರ ಹಿಡಿದು ನೋಡಿದ್ದೇನೆ," ಎಂದೆ.

"ನನ್ನ ಕಣ್ಣಿಗೆ ಸೊಟ್ಟ," ಎಂದು ಹೊರಟುಹೋದರು.

ನನಗೆ ನೆತ್ತಿಗೇರಿತು. ಬಿಚ್ಚಿ, ಅದೇ ಜಾಗಕ್ಕೆ ಅದನ್ನೇ ಮತ್ತೆ ಕೂರಿಸಿದೆ. ಮುಂದಿನ ಗುರುವಾರ ಎಡಗಡೆ ಸರಿಯಿತ್ತು, ಹಿಂದಿನ ಗಾಜಿನ ಹತ್ತಿರ ಗಾಳಿ ಗುಳ್ಳೆ ಕಂಡಿತು. ನಾನು ಕನ್ನಡಕ ಹಾಕಿ ಹುಡುಕಿದೆ. ಗುಳ್ಳೆ ಅವರ ಕಣ್ಣಲ್ಲಿ ಮಾತ್ರ ಇತ್ತು. ಅದರ ಮುಂದಿನ ಗುರುವಾರ ಬಿಳಿ ಬಣ್ಣ ಹೆಚ್ಚು ಬೆಳ್ಳಗಾಯಿತು. "ಇದು ಬಿಸಿಲಿಗೆ ಇಳಿಯುತ್ತದೆ, ಸ್ವಲ್ಪ ದಿನ ಹೊರಗೆ ನಿಲ್ಲಿಸಿ," ಎಂದರು. ಮುದೀರ್‌ಗೆ ಅವರ ಮುಂದೆ ಬಾಯಿಲ್ಲ.

ನನ್ನೊಳಗೆ ಎರಡು ಎತ್ತು ಎರಡು ಕಡೆಗೆ ಎಳೆಯುತ್ತಿದ್ದವು. ಇಷ್ಟು ವರ್ಷದ ನನ್ನ ಕೈಯನ್ನು ಒಬ್ಬ ಗಿರಾಕಿ ವಾರ ವಾರ ಬಂದು ಅವಮಾನಿಸುತ್ತಿದ್ದಾನೆ. ಅವನಿಂದ ತಮಾಮ್ ಎನ್ನಿಸಿಯೇ ತೀರಬೇಕು. ಎನ್ನಿಸಿದರೆ ಮರುದಿನವೇ ಸಂಗಪ್ಪ ಹೋಗಬೇಕು. ಸಂಜೆ ಕಟ್ಟಡದ ಮೆಟ್ಟಿಲಲ್ಲಿ ಪುಸ್ತಕ ಹಿಡಿದು ಓಡಾಡುತ್ತಿದ್ದ ಸಹನಾಳನ್ನು ಕಂಡಾಗ ನನಗೆ ಆ ಮುದುಕನ ಕಣ್ಣು ಇನ್ನಷ್ಟು ಕೆಡಲಿ ಅನಿಸುತ್ತಿತ್ತು. ಗ್ಯಾರೇಜಿಗೆ ಹೋಗಿ ಟಾಪು ನೋಡಿದಾಗ ಮತ್ತೆ ಸಿಟ್ಟು.

"ನಿನ್ನ ಶಿಕ್ಷೆಗೆ ನನಗೆ ಯಾಕೆ ಮಾರಾಯ ಏಟು?" ಎಂದು ಒಮ್ಮೆ ಸಂಗಪ್ಪನಿಗೆ ಹೇಳಿದೆ.

"ಅವರಿಗೆ ಇನ್ನೂ ಸಿಟ್ಟ್ ಇಳಿದಿಲ್ರಿ ಅಣ್ಣಾರ," ಎಂದ ಅವನು. "ಇಳೀದಿದ್ರ ಚಲೋನ ಆತು. ಪರೀಕ್ಷಾ ಚಾಲೂ ಆಗೇತಿ."

ಫೆಬ್ರವರಿ ಕೊನೆಯ ಗುರುವಾರ ಸಹನಾ ಶಾಲೆಯಿಂದ ನೇರ ಗ್ಯಾರೇಜಿಗೆ ಬಂದಿದ್ದಳು, ಅಪ್ಪನ ಜೊತೆ ಮನೆಗೆ ಹೋಗಲು. ಅಬು ಸಾಲಿಂ ಕಾರಿನ ಹತ್ತಿರ ನಿಂತಿದ್ದರು. ತಿರುಗುವ ಸೀಟನ್ನು ಅವಳಿಗೆ ತೋರಿಸಿದರು. ಅವಳು ಕೂತು ಒಳಗೂ ಹೊರಗೂ ಎರಡು ಮೂರು ಸಲ ತಿರುಗಿದಳು. ಇಬ್ಬರೂ ಇಂಗ್ಲಿಷಿನಲ್ಲಿ ಏನೋ ಮಾತಾಡಿದರು. ನಾನು ಮಿಷನ್ ಮುಂದಿದ್ದೆ, ಕೇಳಿಸಲಿಲ್ಲ. ಆ ಮನುಷ್ಯನ ಹಲ್ಲು ನಾನು ಕಂಡದ್ದು ಅಂದೇ ಮೊದಲು. ಆಮೇಲೆ ನನ್ನ ಕಡೆ ಬಂದು, "ಬಲಗಡೆ ಮೂಲೆ ಇನ್ನೂ ಸರಿಯಿಲ್ಲ," ಎಂದು ಹೇಳಿ ಹೋದರು.

ಆ ಮೂಲೆಯನ್ನು ನಾನು ಮುಟ್ಟಲಿಲ್ಲ. ಸಾಕಾಗಿತ್ತು. ಅವರು ಮತ್ತೆ ಬಂದರೆ ಬರಲಿ, ನನ್ನ ನಿವೃತ್ತಿಗೆ ಇನ್ನೆಷ್ಟು ದೂರ ಇದೆ, ಇದಕ್ಕಿಂತ ಚೆನ್ನಾಗಿ ನನಗೆ ಬರುವುದಿಲ್ಲ ಎಂದು ಹೇಳಿಬಿಡುವುದು ಎಂದು ನಿಶ್ಚಯಿಸಿದೆ. ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಕಾರು ಅಂಗಳದಲ್ಲಿ ಬಿಸಿಲು ಕಾಯುತ್ತಾ ನಿಂತಿತ್ತು. ಮುದೀರ್ ಫೋನು ಮಾಡಿದರೆ "ಬರುತ್ತೇನೆ" ಎಂಬ ಉತ್ತರ.

ಮಾರ್ಚ್ ನಡುವಿನ ಒಂದು ಮಂಗಳವಾರ ಮಧ್ಯಾಹ್ನ ಅವರು ಬಂದರು. ಮಗ ಕಾರಿನಲ್ಲಿ ತಂದು ಬಿಟ್ಟು ಹೋದ, ಎಂದರೆ ತಮ್ಮ ಕಾರನ್ನು ಒಯ್ಯಲೆಂದೇ ಬಂದಿದ್ದರು. ಮುದೀರ್ ಹೊರಗೆ ಓಡಿಬಂದರು. ಸಂಗಪ್ಪ ಪೇಂಟ್ ಕೋಣೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ. ನಾನು ಹೇಳಬೇಕೆಂದಿದ್ದ ಮಾತುಗಳನ್ನು ಬಾಯಲ್ಲಿ ಜೋಡಿಸಿಕೊಂಡು ನಿಂತೆ.

ಅಬು ಸಾಲಿಂ ಸುತ್ತು ಹಾಕಲಿಲ್ಲ. ಬಲಗಡೆಯ ಮೂಲೆಯ ಮೇಲೆ ಅಂಗೈ ಇಟ್ಟು, "ತಮಾಮ್," ಎಂದರು.

ನನಗೆ ತಡೆಯಲಾಗಲಿಲ್ಲ. "ನಾನು ಏನೂ ಮಾಡಿಲ್ಲ," ಎಂದೆ. "ನೀವು ಕಳೆದ ಸಲ ಸರಿಯಿಲ್ಲ ಎಂದದ್ದು ಇದೇ ಮೂಲೆ. ಕೈ ಹಚ್ಚಿಲ್ಲ."

"ಗೊತ್ತು," ಎಂದರು. "ಜನವರಿಯಲ್ಲಿ ನೀನು ಹಾಕಿದ ದಿನವೇ ಸರಿಯಿತ್ತು."

ಮುದೀರ್ ಏನೋ ಹೇಳಹೊರಟರು, ಅಬು ಸಾಲಿಂ ಅವರ ಕಡೆ ನೋಡಲೇ ಇಲ್ಲ. ಸಂಗಪ್ಪನ ಕಡೆ ತಿರುಗಿದರು.

"ಇವತ್ತು ಕೊನೆಯ ಪರೀಕ್ಷೆ, ಗಣಿತ ಇತ್ತಲ್ಲ," ಎಂದು ಹಿಂದಿಯಲ್ಲಿ ಕೇಳಿದರು. "ಹುಡುಗಿ ಹೇಗೆ ಬರೆದಳು?"

ಸಂಗಪ್ಪನಿಗೆ ಹಿಂದಿ ಮರೆತುಹೋಯಿತು. ಬಣ್ಣ ಮೆತ್ತಿದ ಒರೆಸುವ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು, ಕನ್ನಡದಲ್ಲೇ, "ಚಲೋ ಬರದಾಳಂತ್ರಿ ಸಾಬ್, ಈಗ ಫೋನ್ ಮಾಡಿದ್ಲು," ಎಂದ.

ಕನ್ನಡದ ಒಂದಕ್ಷರ ಬಾರದ ಅಬು ಸಾಲಿಂ ತಲೆಯಾಡಿಸಿ, ಕೀಲಿಗಾಗಿ ನನ್ನ ಮುಂದೆ ಕೈ ಚಾಚಿದರು.